ಬೆಟ್ಟದ ಕಸ ಹೆಕ್ಕಿ ಹೆಕ್ಕಿ ಸಾಕಾಯ್ತು, ಬೇರೆ ಏನು ಮಾಡಬಹುದು?

ತೋಟದಮನೆ_ಮೂಡಿಗೆರೆ | ಜುಲೈ 14

ಎಲ್ಲರಿಗೂ ನಮಸ್ಕಾರ. ನಮ್ಮೂರು ಮೂಡಿಗೆರೆ ತಾಲೂಕಿನಲ್ಲಿ, ಘಟ್ಟದ ಅಂಚಿಗೆ. ಮನೆ ಹಿಂದೆ ಎರಡೂವರೆ ಎಕರೆ ಕಾಫಿ ತೋಟ, ಅದರ ಹಿಂದೆ ಕಾಡು, ಕಾಡು ದಾಟಿದರೆ ಹುಲ್ಲಿನ ಗುಡ್ಡ. ಗುಡ್ಡದ ಹೆಸರು ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೇಳಿದರೆ ಮುಂದಿನ ಭಾನುವಾರ ಇನ್ನೂ ಐವತ್ತು ಬೈಕು ಬರುತ್ತವೆ.

ನಾನು ಚಿಕ್ಕವನಿದ್ದಾಗ ತಪ್ಪಿಸಿಕೊಂಡ ದನ ಹುಡುಕಲು ಬಿಟ್ಟರೆ ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಆರೇಳು ವರ್ಷದ ಹಿಂದೆ ಯಾರೋ ಒಂದು ವಿಡಿಯೋ ಹಾಕಿದರು. ಮಂಜು, ಹಸಿರು, ಹಿಂದೆ ಒಂದು ಹಾಡು. ಅಷ್ಟೇ, ಶುರುವಾಯಿತು.

ನಮ್ಮ ಯುವಕ ಸಂಘದವರು ಸೇರಿ ಎರಡು ವರ್ಷದಲ್ಲಿ ನಾಲ್ಕು ಸಲ ಗುಡ್ಡ ಕ್ಲೀನ್ ಮಾಡಿದ್ದೇವೆ. ಕಾಫಿ ತುಂಬುವ ಹಳೆ ಗೋಣಿಚೀಲ ಹೊತ್ತುಕೊಂಡು ಹೋಗುತ್ತೇವೆ. ಮೊದಲ ಸಲ 23 ಚೀಲ ಸಿಕ್ಕಿತು. ಎರಡನೇ ಸಲ 19. ಕಡಿಮೆ ಆಯಿತು ಅಂತ ಖುಷಿಪಟ್ಟೆವು. ಮೂರನೇ ಸಲ 26!

ನಾಲ್ಕನೇ ಸಲದ್ದು ದೊಡ್ಡ ಕಥೆ. ಬೆಂಗಳೂರಿನ ಒಂದು ಕಂಪನಿಯವರು ಫೋನ್ ಮಾಡಿ, ನಾವೂ ಸ್ವಚ್ಛತೆಗೆ ಬರುತ್ತೇವೆ ಅಂದರು. ಎರಡು ಬಸ್ಸಿನಲ್ಲಿ ಬಂದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಒಬ್ಬೊಬ್ಬರಿಗೂ ಎರಡೆರಡು ನೀರಿನ ಬಾಟಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪಿಟ್ಟು. ಮೇಲೆ ಹೋಗಿ ಫ್ಲೆಕ್ಸ್ ಹಿಡಿದು ಫೋಟೋ ತೆಗೆಸಿಕೊಂಡರು. ಒಂದು ಗಂಟೆ ಕೆಲಸವನ್ನೂ ಮಾಡಿದರು, ಇಲ್ಲ ಅನ್ನುವುದಿಲ್ಲ. ಸಂಜೆ ಅವರು ಹೋದ ಮೇಲೆ ನೋಡಿದರೆ ಫ್ಲೆಕ್ಸ್ ಅಲ್ಲೇ ಬಂಡೆ ಮೇಲೆ ಬಿದ್ದಿತ್ತು. ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು ತಂದವನು ನಾನೇ. ಈಗ ನಮ್ಮ ಸೌದೆ ಮೇಲೆ ಹೊದೆಸಿದ್ದೇನೆ, ಮಳೆಗೆ ಚೆನ್ನಾಗಿದೆ.

ನನ್ನ ಪ್ರಶ್ನೆ ಇಷ್ಟು. ಹೆಕ್ಕುವುದು ಬಿಟ್ಟು, ಕಸ ಬೀಳದ ಹಾಗೆ ಮಾಡಲು ಊರಿನವರು ಏನು ಮಾಡಬಹುದು? ಗುಡ್ಡದ ಅರ್ಧ ಕಂದಾಯ ಜಾಗ, ಅರ್ಧ ಅರಣ್ಯದ್ದು. ಟಿಕೆಟ್ಟಿಲ್ಲ, ಗೇಟಿಲ್ಲ. ಬರುವವರನ್ನು ಬೇಡ ಅನ್ನಲು ಮನಸ್ಸಿಲ್ಲ. ಹನ್ನೊಂದು ಮನೆಯವರು ಹೋಂಸ್ಟೇ ಮಾಡಿದ್ದಾರೆ, ಜೀಪಿನವರಿದ್ದಾರೆ. ಎಲ್ಲಾದರೂ ಏನಾದರೂ ನಡೆದಿದ್ದು ಗೊತ್ತಿದ್ದರೆ ಹೇಳಿ.

ಕಡ್ಡಿ_ಮುರಿದಂತೆ | ಜುಲೈ 14

ಸುಮ್ನೆ ಗೇಟ್ ಹಾಕಿ ಬೀಗ ಜಡಿಯಿರಿ. ಎರಡು ಮಳೆಗಾಲ ಕಳೆದರೆ ಗುಡ್ಡ ತಾನೇ ಸರಿಯಾಗುತ್ತದೆ.

ತೋಟದಮನೆ_ಮೂಡಿಗೆರೆ | ಜುಲೈ 14

ಸಾರ್, ಕೊಳೆರೋಗ ಬಂದು ಕಾಫಿ ಕಾಯಿ ಉದುರಿದ ವರ್ಷ ನಮ್ಮ ಪಕ್ಕದ ಮನೆಯವರ ಮಗಳ ಕಾಲೇಜು ಫೀಸು ಕಟ್ಟಿದ್ದು ಹೋಂಸ್ಟೇ ದುಡ್ಡಿನಲ್ಲಿ. ಬೀಗ ಜಡಿಯಲು ನಾನು ಹೋದರೆ ಮೊದಲು ಅವರ ಮುಖ ನೋಡಬೇಕು.

ಶುಕ್ರವಾರದ_ರಾತ್ರಿ_ಬಸ್ಸು | ಜುಲೈ 15

ನಾನು ಆ ಕಡೆಯವನು. ಅಂದರೆ ಬೆಂಗಳೂರಿನಿಂದ ಜನರನ್ನು ಕರೆದುಕೊಂಡು ಬರುವವನು. ತಿಂಗಳಿಗೆ ಎರಡು ಟ್ರೆಕ್ ಮಾಡಿಸುತ್ತೇನೆ. ಬೈಯಿರಿ, ಪರವಾಗಿಲ್ಲ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಆದ ನೂಕುನುಗ್ಗಲು ನೆನಪಿದೆಯಾ? ಜಾತ್ರೆಗೆ ನಿಂತ ಹಾಗೆ ಸಾಲು ನಿಂತಿದ್ದ ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಸರ್ಕಾರ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ, ಅದಕ್ಕಿಂತ ಜಾಸ್ತಿ ಇಲ್ಲ. ನಮ್ಮ ವ್ಯಾಪಾರಕ್ಕೆ ಪೆಟ್ಟು ಬಿತ್ತು ಅಂತ ಆಗ ಗೊಣಗಿದೆ. ಈಗ ಹೇಳುತ್ತೇನೆ, ಒಳ್ಳೆಯದೇ ಆಯಿತು.

ಆದರೆ ಬುಕಿಂಗ್ ಇರುವ ಕಡೆ ಸೀಟು ಸಿಗದವರು ಎಲ್ಲಿಗೆ ಹೋಗುತ್ತಾರೆ? ನಿಮ್ಮಂಥ, ಗೇಟಿಲ್ಲದ ಗುಡ್ಡಕ್ಕೆ. ನಾನೂ ಹಾಗೇ ಮಾಡಿದ್ದೇನೆ.

ನಮ್ಮ ತಂಡದಲ್ಲಿ ಈಗ ಮೂರು ನಿಯಮ ಇಟ್ಟಿದ್ದೇನೆ. ತಿಂಡಿ ಮನೆಯಿಂದ ಸ್ಟೀಲ್ ಡಬ್ಬಿಯಲ್ಲೇ ತರಬೇಕು. ವೆಟ್ ವೈಪ್ಸ್ ತರುವಂತಿಲ್ಲ. ಅದು ಕಾಗದ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ, ಒಳಗೆ ಪ್ಲಾಸ್ಟಿಕ್ ಎಳೆ ಇರುತ್ತದೆ, ಕರಗುವುದಿಲ್ಲ. ಮೂರನೆಯದು ಕಿತ್ತಳೆ ಸಿಪ್ಪೆ. ಇದರ ಮೇಲೇ ಜಗಳ ಜಾಸ್ತಿ. “ಗೊಬ್ಬರ ಆಗುತ್ತದೆ ಅಲ್ವಾ ಸಾರ್?” ಅನ್ನುತ್ತಾರೆ. ಬಂಡೆ ಮೇಲೆ ಎಸೆದ ಸಿಪ್ಪೆ ತಿಂಗಳುಗಟ್ಟಲೆ ಹಾಗೇ ಒಣಗಿ ಕೂತಿರುತ್ತದೆ. ಅದನ್ನು ನೋಡಿದವನು ಪಕ್ಕದಲ್ಲೇ ಚಿಪ್ಸ್ ಕವರ್ ಎಸೆಯುತ್ತಾನೆ. ಮಂಗಗಳಿಗೂ ಅಭ್ಯಾಸ ಆಗುತ್ತದೆ, ಆಮೇಲೆ ಬ್ಯಾಗಿಗೇ ಕೈ ಹಾಕುತ್ತವೆ.

ಇನ್ನೊಂದು ಮಾತು. ಎಲ್ಲ ಕಸವೂ ಬೆಂಗಳೂರಿನದ್ದಲ್ಲ. ನಿಮ್ಮ ಊರಿನಲ್ಲೇ ಏನು ಮಾರುತ್ತಾರೆ, ಸ್ವಲ್ಪ ನೋಡಿಕೊಳ್ಳಿ.

ಟೀಚರಮ್ಮ | ಜುಲೈ 15

ಮೇಲಿನವರು ಹೇಳಿದ್ದು ಸರಿ. ತಮ್ಮಾ, 23 ಚೀಲ, 26 ಚೀಲ ಅಂತ ಎಣಿಸಿದ್ದೀರಿ. ಚೀಲದ ಒಳಗೆ ಏನಿತ್ತು ಅಂತ ಎಣಿಸಿದ್ದೀರಾ? ಮುಂದಿನ ಸಲ ಹೆಕ್ಕಿದ್ದನ್ನು ಶಾಲೆ ಮೈದಾನದಲ್ಲಿ ಸುರಿದು ಬೇರೆ ಬೇರೆ ಗುಡ್ಡೆ ಮಾಡಿ. ಯಾವ ಗುಡ್ಡೆ ದೊಡ್ಡದೋ ಅದರ ಬುಡ ಹಿಡಿಯಿರಿ. ಮಕ್ಕಳನ್ನೂ ಕರೆಯಿರಿ, ಅವರಿಗೆ ಲೆಕ್ಕದ ಪಾಠವೂ ಆಯಿತು. ಗ್ಲೌಸ್ ಮಾತ್ರ ಹಾಕಿಸಿ, ಒಡೆದ ಗಾಜನ್ನು ದೊಡ್ಡವರೇ ಮುಟ್ಟಲಿ.

ನಾನು ಶೃಂಗೇರಿ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್. ಕಸದಿಂದ ಶುರುಮಾಡಿದರೆ ಮಕ್ಕಳಿಗೆ ಬೇಗ ಬೇಜಾರು ಬರುತ್ತದೆ ಅನ್ನುವುದು ನನ್ನ ಅನುಭವ. ನಾವು ಹಕ್ಕಿಯಿಂದ ಶುರುಮಾಡಿದೆವು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ, ಪ್ರಪಂಚದಾದ್ಯಂತ ಹಕ್ಕಿ ಎಣಿಸುವ ಕಾರ್ಯಕ್ರಮ ನಡೆಯುತ್ತದೆ. ನಮ್ಮ ದೇಶವೂ 2013ರಿಂದ ಅದರಲ್ಲಿದೆ. ಒಂದೇ ಕಡೆ ಕನಿಷ್ಠ 15 ನಿಮಿಷ ನಿಂತು, ಕಂಡ ಹಕ್ಕಿ, ಕೇಳಿದ ಹಕ್ಕಿ ಎಲ್ಲ ಬರೆದು ಈಬರ್ಡ್ ಅನ್ನುವ ಜಾಲತಾಣಕ್ಕೆ ಹಾಕಬೇಕು. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಪಿಕಳಾರ, ಕಾಜಾಣ, ಮಡಿವಾಳ ಹಕ್ಕಿ ಎಲ್ಲ ಮಕ್ಕಳಿಗೆ ಮೊದಲೇ ಗೊತ್ತು. ಏಳನೇ ಕ್ಲಾಸಿನ ಒಬ್ಬ ಹುಡುಗನಿಗೆ ಓದು ಅಷ್ಟಕ್ಕಷ್ಟೆ. ಮಂಗಟ್ಟೆ ಹಾರಿದರೆ ರೆಕ್ಕೆ ಶಬ್ದದಲ್ಲೇ ಗುರುತಿಸುತ್ತಾನೆ. ಆವತ್ತು ನಾವೆಲ್ಲ ಅವನ ಹಿಂದೆ ನಡೆದೆವು, ನಾನೂ ಸೇರಿ.

ಈಗ ಆ ಮಕ್ಕಳೇ ಭಾನುವಾರ ಹೊಳೆ ಹತ್ತಿರ ನಿಂತು, ಸ್ಪೀಕರ್ ಹಾಕಿ ಕುಣಿಯುವವರಿಗೆ “ಅಣ್ಣಾ, ಅಲ್ಲಿ ಗೂಡಿದೆ, ಸೌಂಡ್ ಕಮ್ಮಿ ಮಾಡಿ” ಅನ್ನುತ್ತಾರೆ. ನಾನು ಹೇಳಿದರೆ ತಿರುಗಿ ಮಾತಾಡುವವರು ಹತ್ತು ವರ್ಷದ ಹುಡುಗಿ ಹೇಳಿದರೆ ನಾಚಿಕೊಳ್ಳುತ್ತಾರೆ.

2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ನೀಲಕುರಿಂಜಿ ಅರಳಿದಾಗ ನೋಡಲು ಹೋಗಿದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಒಬ್ಬ ಹೆಂಗಸು ಗೊಂಚಲು ಕಿತ್ತು ಜಡೆಗೆ ಸಿಕ್ಕಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಬೀಜದ ವಿಷಯ ಹೇಳಿದೆ. “ಅಯ್ಯೋ ಗೊತ್ತಿರಲಿಲ್ಲ ಮೇಡಂ” ಅಂದಳು. ನಿಜವಾಗಿಯೂ ಗೊತ್ತಿರಲಿಲ್ಲ, ಮುಖ ಸಣ್ಣದಾಯಿತು. ಹಾಗಾಗಿ ಬಂದವರೆಲ್ಲ ಕೆಟ್ಟವರು ಅಂತ ನಾನು ಒಪ್ಪುವುದಿಲ್ಲ.

ಗೂಡಲೂರು_ಬೇಕರಿ | ಜುಲೈ 16

ಬಿಯರ್ ಬಾಟಲಿ ಬಗ್ಗೆ ಒಂದು ಮಾತು. ನಮ್ಮ ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಟಾಸ್ಮಾಕ್ ಅಂಗಡಿಯಲ್ಲಿ, ಅಂದರೆ ತಮಿಳುನಾಡು ಸರ್ಕಾರದ ಮದ್ಯದ ಅಂಗಡಿಯಲ್ಲಿ, ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತಾರೆ. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಆ 10 ರೂಪಾಯಿ ಕೊಡುತ್ತಾರೆ. ಆನೆ ಓಡಾಡುವ ಕಾಡಿನಲ್ಲಿ ಒಡೆದ ಬಾಟಲಿ ಬೀಳುತ್ತಿತ್ತು, ಕಾಲಿಗೆ ಚುಚ್ಚುತ್ತಿತ್ತು. ಕೋರ್ಟಿನ ತನಕ ಹೋಗಿ ಆದ ಕೆಲಸ ಇದು. ಕುಡಿದವನು ಎಸೆದರೂ ಹೆಕ್ಕುವವನೊಬ್ಬ ಹಿಂದೆ ಬರುತ್ತಾನೆ. ಬಾಟಲಿಗೆ ಬೆಲೆ ಬಂತಲ್ಲ! ನಮ್ಮ ಬೇಕರಿ ಮುಂದೆ ಬಿದ್ದಿರುತ್ತಿದ್ದ ಬಾಟಲಿಗಳು ಈಗ ಬೆಳಿಗ್ಗೆ ಆರಕ್ಕೇ ಮಾಯ.

ನಿಮ್ಮೂರಲ್ಲಿ ಸರ್ಕಾರ ಮಾಡುವವರೆಗೆ ಕಾಯಬೇಡಿ. ದಾರಿ ಶುರುವಾಗುವಲ್ಲಿ ಒಂದು ಟೇಬಲ್ ಹಾಕಿ. ಬಾಟಲಿ ಎಣಿಸಿ, ಡೆಪಾಸಿಟ್ ತೆಗೆದುಕೊಳ್ಳಿ, ಇಳಿದ ಮೇಲೆ ಎಣಿಸಿ ವಾಪಸ್ ಕೊಡಿ.

ತೋಟದಮನೆ_ಮೂಡಿಗೆರೆ | ಜುಲೈ 16

ಟೇಬಲ್ ಹಾಕಬಹುದು. ಆದರೆ ದಿನಾ ಕೂರುವವರು ಯಾರು? ಮಳೆಗಾಲದಲ್ಲಿ ನಮಗೆ ತೋಟದ ಕೆಲಸವೇ ಮುಗಿಯುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಆಗಬಹುದು. ಕೇಳಿ ನೋಡುತ್ತೇನೆ. ದುಡ್ಡು ಮುಟ್ಟುವ ಕೆಲಸ ಅಂದರೆ ಪಂಚಾಯಿತಿಯನ್ನೂ ಅರಣ್ಯದವರನ್ನೂ ಕೇಳದೆ ಮಾಡಬಾರದು. ನಾಳೆ ಯಾರಾದರೂ ವಸೂಲಿ ಅಂದುಬಿಟ್ಟರೆ?

ಟೀಚರಮ್ಮ, ನೀವು ಹೇಳಿದ ಹಾಗೆ ಈ ಭಾನುವಾರ ಸುರಿದು ನೋಡುತ್ತೇವೆ.

ಕೊಪ್ಪದ_ಕೊಲರಾಡೊ | ಜುಲೈ 17

ಊರು ಕೊಪ್ಪ, ಈಗ ಅಮೆರಿಕದ ಕೊಲರಾಡೊದಲ್ಲಿದ್ದೇನೆ. ಇಲ್ಲಿ ಸೆಪ್ಟೆಂಬರ್‌ನ ನಾಲ್ಕನೇ ಶನಿವಾರ ಸಾರ್ವಜನಿಕ ಭೂಮಿಯ ದಿನ ಅಂತ ಮಾಡುತ್ತಾರೆ, 1994ರಿಂದ ನಡೆದು ಬಂದಿದೆ. 2025ರ ತನಕ ಆವತ್ತು ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಪುಕ್ಕಟೆ ಇತ್ತು. ಜನ ಕೆಲಸಕ್ಕೂ ಬರುತ್ತಾರೆ. ನಾನು ಹೋದ ಸಲ ಕಸ ಹೆಕ್ಕಲಿಲ್ಲ. ಮೂರು ಗಂಟೆ ಕಲ್ಲು ಹೊತ್ತೆ. ದಾರಿ ರಿಪೇರಿ ಕೆಲಸ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರದಲ್ಲಿ ಕಸ ಮಾತ್ರ ಇದೆ, ದಾರಿಯ ವಿಷಯ ಇಲ್ಲ. ಮಲೆನಾಡಿನ ಮಳೆಗೆ ಜನ ತುಳಿದ ದಾರಿಯೇ ಚರಂಡಿ ಆಗುತ್ತದೆ. ಕೆಸರು ಅಂತ ಜನ ಪಕ್ಕದ ಹುಲ್ಲು ತುಳಿಯುತ್ತಾರೆ, ಅದೂ ಕೆಸರಾಗುತ್ತದೆ, ಮತ್ತೆ ಅದರ ಪಕ್ಕ. ಹೀಗೇ ಒಂದು ಅಡಿ ದಾರಿ ಹತ್ತು ಅಡಿ ಆಗುತ್ತದೆ. ಇಲ್ಲಿ ನನಗೆ ಮೊದಲು ಹೇಳಿಕೊಟ್ಟಿದ್ದೇ ಇದು: ಕೆಸರಿದ್ದರೆ ಕೆಸರಲ್ಲೇ ನಡೆ, ಬೂಟು ತೊಳೆದರೆ ಹೋಗುತ್ತದೆ.

ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲು ಹೂತು ಸಾಲು ಮಾಡಬೇಕು. ಇಳಿದು ಬರುವ ನೀರು ಕಲ್ಲಿಗೆ ತಾಗಿ ಪಕ್ಕಕ್ಕೆ ಹರಿಯುತ್ತದೆ. ಅಡ್ಡದಾರಿಗಳ ಬಾಯಿಗೆ ಒಣ ಕೊಂಬೆ ಹಾಕಿ ಮುಚ್ಚಿದರೆ ಜನ ಆ ಕಡೆ ಹೋಗುವುದಿಲ್ಲ. ದಪ್ಪ ಅಕ್ಷರದ ಬೋರ್ಡಿಗಿಂತ ಒಂದು ಮುಳ್ಳಿನ ಕೊಂಬೆ ಚೆನ್ನಾಗಿ ಕೆಲಸ ಮಾಡುತ್ತದೆ.

ತೋಟದಮನೆ_ಮೂಡಿಗೆರೆ | ಜುಲೈ 17

ಅಣ್ಣಾ, ಇದನ್ನು ನಮ್ಮ ತೋಟದ ಮೇಸ್ತ್ರಿಗೆ ಓದಿ ಹೇಳಿದೆ. ಅವರು ನಕ್ಕರು. “ಇದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು, ತೊಟ್ಟಿಲು ಗುಂಡಿ ತೆಗೆಯುವವನಿಗೆ ನೀರು ತಿರುಗಿಸಲು ಬರಲ್ವಾ?” ಅಂದರು. ನಿಜ. ತೋಟದ ಇಳಿಜಾರಿನಲ್ಲಿ ಮಣ್ಣು ಕೊಚ್ಚದ ಹಾಗೆ ಕಾಫಿ ಸಾಲಿನ ನಡುವೆ ಗುಂಡಿ ತೆಗೆಯುತ್ತಲೇ ಇರುತ್ತೇವೆ. ಗುಡ್ಡದ ದಾರಿಗೆ ಅದನ್ನೇ ಮಾಡಬಹುದು ಅಂತ ಒಬ್ಬನಿಗೂ ಹೊಳೆದಿರಲಿಲ್ಲ. ಗುಡ್ಡ ನಮ್ಮದಲ್ಲ ಅನ್ನುವ ಭಾವನೆ ಒಳಗೆಲ್ಲೋ ಇತ್ತು ಅನಿಸುತ್ತದೆ.

ಶಿಂಷಾ_ತೀರ | ಜುಲೈ 19

ನಾನು ಮದ್ದೂರಿನವನು. ನಮ್ಮ ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಬನ್ನಿ. ಊರಿನ ನಡುವೆ, ಮನೆ ಹಿತ್ತಲಿನ ಹುಣಸೆ ಮರದಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದು ಅಂಗಳ ಎಲ್ಲ ಬಿಳಿ, ಮೀನಿನ ವಾಸನೆ ಬೇರೆ. ಆದರೂ ಓಡಿಸುವುದಿಲ್ಲ. ಈ ಹಕ್ಕಿಗಳನ್ನು ಊರಿನವರು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ.

ಬರೀ ಭಕ್ತಿಯಿಂದ ನಡೆದಿದ್ದಲ್ಲ ಅನ್ನುವುದನ್ನೂ ಹೇಳಬೇಕು. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಹಾಳಾಗುತ್ತದೆ, ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಊರಿನ ಹುಡುಗರ ಹೆಜ್ಜಾರ್ಲೆ ಬಳಗ ಇದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ನಷ್ಟ ಆಗುವವನನ್ನು, ಲಾಭ ಆಗುವವನನ್ನು ಇಬ್ಬರನ್ನೂ ಒಳಗೆ ಸೇರಿಸಿಕೊಳ್ಳಿ. ಹೋಂಸ್ಟೇಯವರನ್ನು, ಜೀಪಿನವರನ್ನು ಹೊರಗಿಟ್ಟು ಯುವಕ ಸಂಘ ಒಂದೇ ಒದ್ದಾಡಿದರೆ ಆಗುವುದಿಲ್ಲ.

ಇನ್ನೊಂದು, ನಿಮ್ಮ ತಾಲೂಕಿನ ಜಾವಳಿ ಹತ್ತಿರ ಹುಟ್ಟುವ ಹೇಮಾವತಿ ಗೊರೂರು ದಾಟಿ ಕಾವೇರಿ ಸೇರುತ್ತದೆ. ಬೆಂಗಳೂರಿನವರ ನಲ್ಲಿಗೆ ಬರುವುದು ಅದೇ ಕಾವೇರಿ ನೀರು. ನಿಮ್ಮ ಗುಡ್ಡದ ನೀರು ಪೂರ್ವಕ್ಕೆ ಇಳಿಯುವುದಾದರೆ ಆ ಟ್ರೆಕ್ಕಿನ ಸಾರ್‌ಗೆ ಇದನ್ನು ಹೇಳಿ. ಹಳ್ಳದಲ್ಲಿ ಶಾಂಪೂ ಹಾಕಿ ಮೀಯುವವರಿಗೆ ಅವರು ಹೇಳಲಿ.

ಶುಕ್ರವಾರದ_ರಾತ್ರಿ_ಬಸ್ಸು | ಜುಲೈ 19

ಹೇಳುತ್ತೇನೆ ಸಾರ್. ಬಸ್ಸಿನಲ್ಲೇ ಹೇಳುತ್ತೇನೆ, ಎಲ್ಲರೂ ನಿದ್ದೆ ಮಾಡುವ ಮೊದಲು.

ತೋಟದಮನೆ_ಮೂಡಿಗೆರೆ | ಜುಲೈ 21

ನಿನ್ನೆ ಎಂಟು ಚೀಲ ಶಾಲೆ ಮೈದಾನದಲ್ಲಿ ಸುರಿದೆವು. ಬರೆಯಲು ಸ್ವಲ್ಪ ನಾಚಿಕೆ ಆಗುತ್ತಿದೆ.

ನೀರಿನ ಬಾಟಲಿಯೇ ಮೊದಲು ಬರುತ್ತದೆ ಅಂತ ಬೆಟ್ ಕಟ್ಟಿದ್ದೆ. ಸೋತೆ. ಎಲ್ಲಕ್ಕಿಂತ ದೊಡ್ಡ ಗುಡ್ಡೆ ರೇನ್‌ಕೋಟಿನದ್ದು! ಆ ತೆಳ್ಳಗಿನ, ಮುಟ್ಟಿದರೆ ಹರಿಯುವ ಪ್ಲಾಸ್ಟಿಕ್ ಕೋಟು ಗೊತ್ತಲ್ಲ? ಗುಲಾಬಿ, ನೀಲಿ, ಹಳದಿ. ಗುಡ್ಡದ ಮೇಲೆ ಗಾಳಿ ಹೊಡೆತಕ್ಕೆ ಅರ್ಧ ಗಂಟೆ ಬಾಳುವುದಿಲ್ಲ. ಕಂಕುಳಲ್ಲಿ ಮೊದಲು ಹರಿಯುತ್ತದೆ, ಆಮೇಲೆ ಉದ್ದಕ್ಕೆ. ಹರಿದದ್ದನ್ನು ಯಾರು ಮಡಚಿ ಬ್ಯಾಗಿಗೆ ಹಾಕುತ್ತಾರೆ, ನೀರು ಸೋರುತ್ತಿರುತ್ತದೆ. ಬಿಟ್ಟರೆ ಗಾಳಿ ಎತ್ತಿಕೊಂಡು ಹೋಗಿ ಮುಳ್ಳಿನ ಪೊದೆಗೆ ಸಿಕ್ಕಿಸುತ್ತದೆ. 140 ತನಕ ಎಣಿಸಿದೆವು, ಉಳಿದದ್ದು ಬರೀ ಚಿಂದಿ.

ಅದನ್ನು ಮಾರುವವರು ಯಾರು ಅಂತ ಆರನೇ ಕ್ಲಾಸಿನ ಒಬ್ಬಳು ಕೇಳಿದಳು. ಎಲ್ಲ ಮಕ್ಕಳೂ ನನ್ನ ಮುಖ ನೋಡಿದರು. ದಾರಿ ಶುರುವಾಗುವಲ್ಲಿರುವ ಅಂಗಡಿ ನಮ್ಮ ಚಿಕ್ಕಪ್ಪನದ್ದು. 40 ರೂಪಾಯಿಗೊಂದು. ಭಾನುವಾರ ಒಂದು ಬಂಡಲ್ ಖಾಲಿ.

ಎರಡು ವರ್ಷದಿಂದ ನಾನು ಹೊತ್ತು ತಂದ ಚೀಲದಲ್ಲಿ ಅರ್ಧ ಚಿಕ್ಕಪ್ಪನ ವ್ಯಾಪಾರ. ಪ್ರತಿ ಸಲ ಕ್ಲೀನ್ ಮಾಡಿ ಇಳಿದ ಮೇಲೆ ಅದೇ ಅಂಗಡಿಯಲ್ಲಿ ಕೂತು ಚಹಾ ಕುಡಿದಿದ್ದೇನೆ.

ಟೀಚರಮ್ಮ | ಜುಲೈ 21

ಬೈಯಲು ಹೋಗಬೇಡಿ. ಅವರ ಹೊಟ್ಟೆಪಾಡಿಗೆ ಬದಲಿ ಹುಡುಕಿಕೊಂಡು ಹೋಗಿ.

ತೋಟದಮನೆ_ಮೂಡಿಗೆರೆ | ಸೆಪ್ಟೆಂಬರ್ 22

ತಡವಾಯಿತು, ಕ್ಷಮಿಸಿ. ಏನಾಯಿತು ಅಂತ ಹೇಳಿಬಿಡುತ್ತೇನೆ.

ಹೋದ ವರ್ಷದ ಗಣಪತಿ ಹಬ್ಬದ ಉಳಿಕೆ ದುಡ್ಡು ಸಂಘದಲ್ಲಿತ್ತು. ಅದರಲ್ಲಿ 15 ದಪ್ಪ ರೇನ್‌ಕೋಟು ತಂದೆವು, ಬೈಕಿನವರು ಹಾಕಿಕೊಳ್ಳುವಂಥದ್ದು. ಚಿಕ್ಕಪ್ಪನ ಅಂಗಡಿಯಲ್ಲೇ ಇಟ್ಟೆವು. ಬಾಡಿಗೆ 60 ರೂಪಾಯಿ, ಡೆಪಾಸಿಟ್ 300. ಬಾಡಿಗೆಯಲ್ಲಿ 40 ಚಿಕ್ಕಪ್ಪನಿಗೆ, 20 ಸಂಘಕ್ಕೆ. ಮೊದಲು ಅವರು ಒಪ್ಪಲಿಲ್ಲ. “ಪೇಟೆಯವರು ಇನ್ನೊಬ್ಬರು ಹಾಕಿದ ಕೋಟು ಹಾಕುತ್ತಾರಾ?” ಅಂದರು. ಹಾಕಿದರು. ಮೇಲಿಂದ ಒದ್ದೆ ಕೋಳಿಯ ಹಾಗೆ ಇಳಿದು ಬರುವವರನ್ನು ನೋಡಿದ ಮೇಲೆ ಹತ್ತಲು ಬಂದವರು ತಾವೇ ಕೇಳಿದರು. ಎರಡನೇ ವಾರಕ್ಕೆ 15 ಸಾಲಲಿಲ್ಲ. ಒಟ್ಟು 40 ಮಾಡಿದೆವು, ಹೊಸ 25 ಚಿಕ್ಕಪ್ಪನದ್ದೇ ಬಂಡವಾಳ. ತೆಳ್ಳಗಿನ ಕೋಟು ತರಿಸುವುದನ್ನು ಬಿಟ್ಟಿದ್ದಾರೆ. ಮೂರು ಕೋಟು ವಾಪಸ್ ಬಂದಿಲ್ಲ, ಡೆಪಾಸಿಟ್ ನಮ್ಮಲ್ಲೇ ಇದೆ.

ಬಾಟಲಿ ಟೇಬಲ್ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಪಂಚಾಯಿತಿಯವರ ಒಪ್ಪಿಗೆ ಬಾಯಿಮಾತಿನಲ್ಲಿದೆ, ಕಾಗದ ಬಂದಿಲ್ಲ. ಇಬ್ಬರು ಜಗಳವಾಡಿದರು, ಒಬ್ಬ ವಿಡಿಯೋ ಮಾಡಿದ. ಸದ್ಯಕ್ಕೆ ಡೆಪಾಸಿಟ್ ಬಿಟ್ಟು ಎಣಿಸಿ ಬರೆದುಕೊಳ್ಳುವುದು ಮಾತ್ರ. ಬರೆದುಕೊಂಡಿದ್ದಾರೆ ಅಂತ ಗೊತ್ತಾದರೆ ಸುಮಾರು ಜನ ವಾಪಸ್ ತರುತ್ತಾರೆ. ಎಲ್ಲರೂ ಅಲ್ಲ.

ದಾರಿ ಕೆಲಸಕ್ಕೆ ಅರಣ್ಯದವರನ್ನು ಕೇಳಿದೆವು. ಅವರ ಗಾರ್ಡ್ ಒಬ್ಬರು ಜೊತೆಗೇ ಬಂದರು. ಮೇಸ್ತ್ರಿ ಹೇಳಿದ ಕಡೆ ಹನ್ನೊಂದು ಕಲ್ಲಿನ ಸಾಲು ಹೂತಿದ್ದೇವೆ. ಎರಡು ಕಿತ್ತು ಹೋದವು, ಓರೆ ಸಾಲದೆ ನೀರು ಮೇಲಿಂದಲೇ ಹಾರಿತ್ತು. ಉಳಿದವು ನಿಂತಿವೆ. ಜೀಪಿನವರು ಕಲ್ಲು ಹೇರಿಕೊಟ್ಟರು, ಬಾಡಿಗೆ ಕೇಳಲಿಲ್ಲ. ಶುಕ್ರವಾರದ ಬಸ್ಸಿನ ಸಾರ್ ಕೂಡ 18 ಜನರನ್ನು ಕರೆತಂದಿದ್ದರು. ಫ್ಲೆಕ್ಸ್ ಇರಲಿಲ್ಲ. ಸ್ಟೀಲ್ ಡಬ್ಬಿ ಇತ್ತು, ಚಿತ್ರಾನ್ನ ನನಗೂ ಕೊಟ್ಟರು.

ಫೆಬ್ರವರಿಗೆ ಹಕ್ಕಿ ಎಣಿಸುವುದು ಅಂತ ಶಾಲೆಯಲ್ಲಿ ಮಾತಾಗಿದೆ. ಟೀಚರಮ್ಮ, ನೀವು ಒಂದು ದಿನ ಬರಬೇಕು, ಉಳಿದುಕೊಳ್ಳಲು ನಮ್ಮ ಮನೆಯೇ ಇದೆ.

ಈಗಿನ ಸಮಸ್ಯೆ ಬೇರೆ. ಭಾನುವಾರ ಸಂಜೆ ಇಷ್ಟೊಂದು ಒದ್ದೆ ಕೋಟು ವಾಪಸ್ ಬರುತ್ತವೆ. ಈ ಮಳೆಯಲ್ಲಿ ಒಣಗಿಸುವುದೆಲ್ಲಿ? ಚಿಕ್ಕಪ್ಪ ಬಚ್ಚಲ ಒಲೆ ಹತ್ತಿರ ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದ್ದರು. ರಾತ್ರಿ ಕತ್ತಲೆಯಲ್ಲಿ ಬಿಸಿನೀರಿಗೆ ಹೋದ ಚಿಕ್ಕಮ್ಮ ಕಿರುಚಿದ್ದು ನಮ್ಮ ಮನೆಗೆ ಕೇಳಿಸಿತು. ಬೇರೆ ಜಾಗ ನೋಡಿ ಅಂತ ಇಬ್ಬರೂ ನನಗೇ ಹೇಳುತ್ತಿದ್ದಾರೆ. ಯಾರಿಗಾದರೂ ಉಪಾಯ ಗೊತ್ತಿದ್ದರೆ ತಿಳಿಸಿ.